ಅಳೆಯದೆ ಆಡಿದ ಮಾತು

ವಿಜ್ಞಾನದ ಅಧ್ಯಾಪಕನಾಗಿ ಮೂರು ದಶಕಗಳನ್ನು ಕಳೆದವನು ನಾನು. “ಒಪ್ಪುವ ಮೊದಲು ಅಳೆದು ನೋಡಿರಿ” ಎಂದು ಮಕ್ಕಳಿಗೆ ಹೇಳದ ದಿನವಿಲ್ಲ. ಆ ಮಾತನ್ನು ನಾನೇ ಮೀರಿದ ಪ್ರಸಂಗವೊಂದನ್ನು ಇಲ್ಲಿ ವಿದ್ಯಾರ್ಥಿಮಿತ್ರರ ಮುಂದೆ ನಿವೇದಿಸಿಕೊಳ್ಳುತ್ತೇನೆ.

2023ರ ಮೇ 13ರಂದು, ಯುದ್ಧದ ನಡುವೆ, ಯುಕ್ರೇನಿನ ಖ್ಮೆಲ್ನಿತ್ಸ್ಕಿ ನಗರದ ಬಳಿ ಭಾರಿ ಸ್ಫೋಟ ಸಂಭವಿಸಿತು. ಬ್ರಿಟನ್ ಕೊಟ್ಟ ಕ್ಷೀಣ ಯುರೇನಿಯಮ್ಮಿನ ಗುಂಡುಗಳು ನಾಶವಾಗಿ, ವಿಕಿರಣದ ಮೋಡವೊಂದು ಪಶ್ಚಿಮ ಯುರೋಪಿನತ್ತ ಸಾಗಿದೆಯೆಂದು ಮೇ 19ರಂದು ರಷ್ಯದ ಭದ್ರತಾ ಮಂಡಳಿಯ ಕಾರ್ಯದರ್ಶಿ ನಿಕೊಲಾಯ್ ಪತ್ರುಶೆವ್ ಹೇಳಿದರು. ಪೋಲೆಂಡಿನ ಲುಬ್ಲಿನ್ ನಗರದ ಮರಿಯಾ ಕ್ಯೂರಿ ವಿಶ್ವವಿದ್ಯಾಲಯದ ಮಾಪಕ ಬರೆದ, ಮೇಲಕ್ಕೆ ಚಿಮ್ಮಿದ ರೇಖೆಯೊಂದನ್ನು ಜನರು ಇದಕ್ಕೆ ಸಾಕ್ಷಿಯೆಂದು ತೋರಿಸತೊಡಗಿದರು.

ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಮಗ ಅದೇ ಲುಬ್ಲಿನ್ನಿನಲ್ಲಿ ವೈದ್ಯಕೀಯ ಓದುತ್ತಿದ್ದ. ತಂದೆ ಆ ರೇಖಾಚಿತ್ರವನ್ನು ನನಗೆ ತೋರಿಸಿ, “ಗುರುಗಳೇ, ಸಾಲ ಮಾಡಿ ಕಳಿಸೇನಿ. ಪರೀಕ್ಷೆ ಹತ್ತಿರ ಬಂದಾವ. ಹುಡುಗನ್ನ ಕರೆಸಲೇನ್ರಿ?” ಎಂದು ಕೇಳಿದ. ಅದರ ಹಿಂದಿನ ವರ್ಷವಷ್ಟೇ, ಮಾರ್ಚ್ 1ರಂದು, ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿಯೊಬ್ಬ ಖಾರ್ಕಿವ್‌ನಲ್ಲಿ ಶೆಲ್ ದಾಳಿಗೆ ಬಲಿಯಾಗಿದ್ದ. ಆ ನೆನಪು ನನ್ನ ವಿವೇಕವನ್ನು ಮುಸುಕಿತು. “ಕರೆಸಿಬಿಡಪ್ಪ, ಜೀವಕ್ಕಿಂತ ಓದು ದೊಡ್ಡದಲ್ಲ” ಎಂದುಬಿಟ್ಟೆ.

ರಾತ್ರಿ ನಿದ್ರೆ ಬರಲಿಲ್ಲ. ಎದ್ದು ಆ ಚಿತ್ರವನ್ನು ಮತ್ತೊಮ್ಮೆ ನೋಡಿದೆ. ರೇಖೆ ಏರಿದ್ದು ದಿಟ. ಆದರೆ ಏರಿದ್ದು ಯಾವ ಧಾತು? ಅದು ಯುರೇನಿಯಮ್ ಅಲ್ಲ, ಬಿಸ್ಮತ್. ಸಂಜೆ ನಾನು ಕೇಳಬೇಕಾಗಿದ್ದ ಪ್ರಶ್ನೆ ಅದೊಂದೇ ಆಗಿತ್ತು.

ನೆಲದೊಳಗಿನ ಯುರೇನಿಯಮ್ ಹಂತಹಂತವಾಗಿ ಕ್ಷಯಿಸಿ ರೇಡಿಯಮ್ ಆಗುತ್ತದೆ. ರೇಡಿಯಮ್ಮಿನಿಂದ ರೇಡಾನ್ ಎಂಬ ಅನಿಲ ಹುಟ್ಟಿ ಮಣ್ಣಿನಿಂದ ಹೊರಬರುತ್ತದೆ. ಅದರ ಸಂತತಿಯೇ ಸೀಸ-214 ಮತ್ತು ಬಿಸ್ಮತ್-214. ಗಾಳಿಯಲ್ಲಿ ತೇಲುವ ಇವುಗಳನ್ನು ಮಳೆ ತೊಳೆದು ನೆಲಕ್ಕಿಳಿಸಿದಾಗ ಮಾಪಕದ ರೇಖೆ ಏರುತ್ತದೆ. ಬಿಸ್ಮತ್-214ರ ಅರ್ಧಾಯುಷ್ಯ ಸುಮಾರು 20 ನಿಮಿಷ; ಆದ್ದರಿಂದ ಕೆಲವೇ ಗಂಟೆಗಳಲ್ಲಿ ರೇಖೆ ಮತ್ತೆ ಇಳಿಯುತ್ತದೆ. ಇಂಥ ಏರಿಳಿತ ಜಗತ್ತಿನ ಎಲ್ಲ ಊರುಗಳಲ್ಲಿಯೂ ಉಂಟು.

ಕ್ಷೀಣ ಯುರೇನಿಯಮ್ ಎಂಬುದೋ ಶುದ್ಧೀಕರಿಸಿದ ಲೋಹ. ಅದರೊಳಗಿನ ರೇಡಿಯಮ್ಮನ್ನು ಮೊದಲೇ ಬೇರ್ಪಡಿಸಿರುತ್ತಾರೆ. ಅದು ಮತ್ತೆ ಗಣನೀಯವಾಗಿ ಕೂಡಿಬರಲು ಸಹಸ್ರಾರು ವರ್ಷಗಳು ಬೇಕು. ಆದುದರಿಂದ ಆ ಗುಂಡುಗಳು ಸುಟ್ಟರೂ ಬಿಸ್ಮತ್ತಿನ ಮೋಡ ಏಳದು. ಯುರೇನಿಯಮ್-238ರ ಅರ್ಧಾಯುಷ್ಯವಾದರೋ ಸುಮಾರು 447 ಕೋಟಿ ವರ್ಷ. ಅದು ಬಂದು ಬಿದ್ದಿದ್ದರೆ ರೇಖೆ ಇಳಿಯುವ ಮಾತೇ ಇರುತ್ತಿರಲಿಲ್ಲ. ಪೋಲೆಂಡಿನ ಪರಮಾಣು ಸಂಸ್ಥೆಯೂ ಜನರಿಗೆ ಅಪಾಯವಿಲ್ಲವೆಂದು ತಿಳಿಸಿತ್ತು.

ಹಾಗೆಂದು ಕ್ಷೀಣ ಯುರೇನಿಯಮ್ ನಿರುಪದ್ರವಿಯೆಂದು ನಾನು ಹೇಳಲಾರೆ. ಅದರ ಧೂಳು ದೇಹವನ್ನು ಹೊಕ್ಕರೆ ಮೂತ್ರಪಿಂಡಕ್ಕೆ ವಿಷ. ಖ್ಮೆಲ್ನಿತ್ಸ್ಕಿಯ ಉಗ್ರಾಣದಲ್ಲಿ ಏನಿತ್ತೆಂಬುದನ್ನೂ ಲುಬ್ಲಿನ್ನಿನ ರೇಖೆ ಹೇಳದು. ಅದನ್ನು ಅರಿಯುವ ಮಾರ್ಗ ಬೇರೆ: ಸ್ಥಳಕ್ಕೆ ಹೋಗಿ ಮಣ್ಣು, ನೀರುಗಳನ್ನು ಸಂಗ್ರಹಿಸಿ ಪ್ರಯೋಗಾಲಯದಲ್ಲಿ ಪರೀಕ್ಷಿಸಬೇಕು. ಇಂಥ ಗುಂಡುಗಳು ಬಿದ್ದಿದ್ದ ಕೊಸೊವೊದಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ತಂಡ 2000ದ ನವೆಂಬರಿನಲ್ಲಿ 11 ಸ್ಥಳಗಳನ್ನು ಸುತ್ತಿ 355 ಮಾದರಿಗಳನ್ನು ತಂದು ಹೀಗೆಯೇ ಪರೀಕ್ಷಿಸಿತು. ಗುಂಡುಗಳ ಆಸುಪಾಸಿನಲ್ಲಿ ಮಾಲಿನ್ಯ ಕಂಡಿತು; ವಿಸ್ತಾರವಾದ ಪ್ರದೇಶಕ್ಕೆ ಅದು ಹರಡಿರಲಿಲ್ಲ.

ಬೆಳಗಾಗುತ್ತಲೇ ಆ ತಂದೆಗೆ ದೂರವಾಣಿ ಮಾಡಿದೆ. “ನಿನ್ನೆ ಆಡಿದ್ದು ನನ್ನ ಭಯ, ತಮ್ಮಾ, ನನ್ನ ವಿದ್ಯೆಯಲ್ಲ. ಹುಡುಗ ಅಲ್ಲೇ ಇದ್ದು ಪರೀಕ್ಷೆ ಬರೆಯಲಿ” ಎಂದೆ. ಅತ್ತಕಡೆ ಕ್ಷಣಕಾಲ ಮೌನ. ಬಳಿಕ ಅವನು, “ಟಿಕೆಟಿಗೆ ರೊಕ್ಕ ಹೊಂದಿಸಾಕ ಹೊಂಟಿದ್ದೆ, ಗುರುಗಳೇ” ಎಂದ. ನಾನು ನಾಚಿದೆ.

ಗುರುವಿನ ಮಾತಿಗೆ ಶಿಷ್ಯ ಮನೆಯನ್ನೇ ಒತ್ತೆಯಿಟ್ಟಾನು. ಆದ್ದರಿಂದಲೇ ಗುರುವಿನ ಮಾತಿಗೆ ತೂಕ ಹೆಚ್ಚಿರಬೇಕು. ಯುದ್ಧಕಾಲದ ಸುದ್ದಿಯಲ್ಲಿ ಅರ್ಧ ನಿಜವಿರುತ್ತದೆ. ಆ ರೇಖೆ ಏರಿದ್ದು ನಿಜವಾಗಿದ್ದಂತೆ. ಉಳಿದರ್ಧವನ್ನು ನಮ್ಮ ಭಯವೇ ಬರೆಯುತ್ತದೆ. ಏರಿದ್ದು ಏನು, ಎಷ್ಟು, ಎಷ್ಟು ಹೊತ್ತು ಎಂಬ ಮೂರು ಪ್ರಶ್ನೆಗಳನ್ನು ಕೇಳಿ ಮುಗಿಯುವವರೆಗೆ ಬಾಯಿ ತೆರೆಯಬಾರದೆಂದು ಅಂದು ನಾನು ಕಲಿತೆ. ನೀವಾದರೂ ಅದನ್ನು ನನ್ನಷ್ಟು ತಡವಾಗಿ ಕಲಿಯದಿರಿ.