‘ಸ್ಟಾರ್ಟ್’ ಎಂಬ ಪದ

ಇಂಗ್ಲಿಷಿನಲ್ಲಿ ‘ಸ್ಟಾರ್ಟ್’ ಎಂಬ ಕ್ರಿಯಾಪದವೊಂದುಂಟು. ಅದನ್ನು ಅರಿಯದವರು ವಿರಳ. ನಮ್ಮಲ್ಲಿ ಬಸ್ಸು ಸ್ಟಾರ್ಟ್ ಆಗುತ್ತದೆ, ಆಟ ಸ್ಟಾರ್ಟ್ ಆಗುತ್ತದೆ, ತಲೆನೋವೂ ಸ್ಟಾರ್ಟ್ ಆಗುತ್ತದೆ. ಇಷ್ಟು ಪರಿಚಿತವಾದ ಪದವು ನನಗೆ ಕಲಿಸಿದ ಪಾಠವನ್ನು ಐವತ್ತು ವರ್ಷಗಳು ಕಳೆದರೂ ನಾನು ಮರೆತಿಲ್ಲ.

ಅದು 1968ರ ಮಳೆಗಾಲ. ನಾನಾಗ ಒಂಬತ್ತನೆಯ ತರಗತಿಯ ವಿದ್ಯಾರ್ಥಿ. ಮಲೆನಾಡಿನ ನಮ್ಮ ಕೇರಿಯಲ್ಲಿ ಇಂಗ್ಲಿಷ್ ಬಲ್ಲವರು ಇಬ್ಬರೇ: ನಮ್ಮ ತಂದೆ ಮತ್ತು, ನನ್ನ ಎಣಿಕೆಯಂತೆ, ನಾನು. ಮಳೆಯ ನಿಮಿತ್ತ ಶಾಲೆಗೆ ರಜೆಯಿದ್ದ ಒಂದು ಮಧ್ಯಾಹ್ನ ಪಕ್ಕದ ಮನೆಯ ಅತ್ತೆ ತಂತಿಯೊಂದನ್ನು ಹಿಡಿದು ಬಂದರು. ತಂದೆ ಊರಿನಲ್ಲಿರಲಿಲ್ಲ.

“ನಿನಗೆ ಓದಲು ಬರುತ್ತದೆಯೇ, ಮಗು?” ಎಂದರು.

“ಬಾರದೆ ಏನು?” ಎಂದೆ.

ತಂತಿಗೆ ಪದಗಳ ಲೆಕ್ಕದಲ್ಲಿ ಹಣ ತೆರಬೇಕಾಗಿದ್ದುದರಿಂದ ಜನರು ಮಾತನ್ನು ಬಿಗಿಹಿಡಿದು ಬರೆಯುತ್ತಿದ್ದರು. ಅದರಲ್ಲಿದ್ದುದು ನಾಲ್ಕೇ ಪದಗಳು: ‘ಫಾದರ್ ಸೀರಿಯಸ್ ಸ್ಟಾರ್ಟ್ ಇಮ್ಮೀಡಿಯಟ್ಲಿ.’ ನಾಲ್ಕೂ ನಾನು ಕಂಠಪಾಠ ಮಾಡಿದ್ದ ಪದಗಳೇ. “ನಿಮ್ಮ ತಂದೆಯವರು ಗಂಭೀರವಾಗಿ ಹೇಳಿದ್ದಾರೆ. ಕೂಡಲೆ ಆರಂಭಿಸಬೇಕಂತೆ” ಎಂದು ಬೀಗುತ್ತ ಅರ್ಥ ಹೇಳಿದೆ. ಮಗಳ ಮದುವೆಯ ಮಾತುಕತೆಗೆ ಅತ್ತೆ ತವರಿನ ಒಪ್ಪಿಗೆಯನ್ನು ಕಾಯುತ್ತಿದ್ದ ಕಾಲವದು. “ಅಂತೂ ಅಪ್ಪಯ್ಯ ಒಪ್ಪಿದರು!” ಎಂದು ನನ್ನ ಕೈಗೆ ಬೆಲ್ಲದ ಚೂರನ್ನಿತ್ತು ಹಿಗ್ಗಿನಿಂದ ಹೊರಟುಹೋದರು. ನಾಲ್ಕು ಗಂಟೆಯ ಕಡೆಯ ಬಸ್ಸು ಅವರ ಮನೆಯ ಮುಂದೆಯೇ ಹಾದುಹೋಯಿತು.

ಕತ್ತಲಾದ ಮೇಲೆ ಬಂದ ತಂದೆ ಆ ಕಾಗದವನ್ನು ಕಂಡು ಬೆಚ್ಚಿಬಿದ್ದರು. “ಅವರ ತಂದೆಗೆ ಕಾಯಿಲೆ ಉಲ್ಬಣಿಸಿದೆ, ಕೂಡಲೆ ಹೊರಡಿ ಎಂದಲ್ಲವೇ ಇದು!” ಎಂದರು. ಅತ್ತೆ ಎತ್ತಿನ ಗಾಡಿಯಲ್ಲಿ, ಸುರಿಯುವ ಮಳೆಯಲ್ಲಿ, ರಾತ್ರಿಯೆಲ್ಲ ಸಾಗಿ ತವರನ್ನು ಸೇರಿದಾಗ ಆ ವೃದ್ಧರಲ್ಲಿ ಉಸಿರಿತ್ತು, ಮಾತು ನಿಂತುಹೋಗಿತ್ತು.

ಅನಂತರ ನಿಘಂಟನ್ನು ತೆರೆದು ನೋಡಿದೆ. ‘ಸ್ಟಾರ್ಟ್’ ಎಂದರೆ ಆರಂಭಿಸು. ಹೊರಡು ಎಂದೂ ಅರ್ಥ, ಬೆಚ್ಚಿಬೀಳು ಎಂದೂ ಅರ್ಥ. ಹಿಂದಿನ ಇಂಗ್ಲಿಷಿನಲ್ಲಿ ಅದಕ್ಕೆ ನೆಗೆ ಎಂಬ ಅರ್ಥವಿದ್ದಿತು. ಕಾಲು ಮುಂದಕ್ಕೆ ನೆಗೆದರೆ ಪ್ರಯಾಣ, ಎದೆ ನೆಗೆದರೆ ದಿಗಿಲು. ನಾನು ಹೇಳಿದುದು ಮೊದಲನೆಯ ಅರ್ಥ, ತಂತಿಯಲ್ಲಿದ್ದುದು ಎರಡನೆಯದು, ತಂದೆಯ ಮುಖದಲ್ಲಿ ಕಂಡುದು ಮೂರನೆಯದು. ಕನ್ನಡದ ‘ಹೊಡೆ’ಯೂ ಹೀಗೆಯೇ ಅಲ್ಲವೇ? ಗಂಟೆ ಹೊಡೆಯುತ್ತದೆ, ಗಾಡಿ ಹೊಡೆಯುತ್ತೇವೆ, ಹರಟೆ ಹೊಡೆಯುತ್ತೇವೆ. ಪರಭಾಷೆಯವನೊಬ್ಬನು ಎಲ್ಲೆಡೆಯೂ ಪೆಟ್ಟನ್ನೇ ಕಂಡರೆ ಅವನ ಗತಿಯೇನು?

ಹದಿನೈದು ದಿನಗಳ ಮೇಲೆ ಮರಳಿದ ಅತ್ತೆ ನನ್ನನ್ನು ಬಯ್ಯಲಿಲ್ಲ. “ಗೊತ್ತಿಲ್ಲ ಎಂದಿದ್ದರೆ ಮೇಷ್ಟರ ಮನೆಗೆ ಹೋಗುತ್ತಿದ್ದೆನಲ್ಲ, ಮಗು” ಎಂದರು, ಅಷ್ಟೆ.

2013ರ ಜುಲೈ ತಿಂಗಳಲ್ಲಿ ನಮ್ಮ ದೇಶದ ತಂತಿ ಸೇವೆ ನಿಂತುಹೋಯಿತು. ಆದರೆ ಬಲ್ಲೆನೆಂದುಕೊಂಡ ಪದವೊಂದು ಎದುರಾದಾಗ ನಾನು ಇಂದಿಗೂ ಕ್ಷಣಕಾಲ ತಡೆದು, ಅದರ ನೆರೆಹೊರೆಯನ್ನು ನೋಡಿಯೇ ಮುಂದೆ ಸಾಗುತ್ತೇನೆ.