ಜಿಡ್ಡಿನ ನೀರು, ತಗಡಿನ ತೊಟ್ಟಿ

ಹಾಲು, ಸೋಪಿನ ನೊರೆ, ಗೋಡೆಗೆ ಬಳಿಯುವ ಬಣ್ಣ ಎಲ್ಲವೂ ಒಂದೇ ಕುಲದವು ಎಂಬುದು ಕೆಮಿಕಲ್ ಎಂಜಿನಿಯರಿಂಗ್ ಓದುವವರಿಗೆ ಕಲಿಲ ಮತ್ತು ಮೇಲ್ಮೈ ವಿಜ್ಞಾನದ ಮೊದಲ ಪಾಠದಲ್ಲೇ ಗೊತ್ತಾಗುತ್ತದೆ. ಮುಂದೆ ಪ್ರಯೋಗಾಲಯದಲ್ಲಿ ಒಂದು ಉದ್ದನೆಯ ತೊಟ್ಟಿ ಎದುರಾಗುತ್ತದೆ. ಅಂಚಿನವರೆಗೆ ನೀರು, ಮೇಲೆ ಅಡ್ಡಲಾಗಿ ಸರಿದಾಡುವ ಪಟ್ಟಿ. ಹೆಸರು ಲ್ಯಾಂಗ್‌ಮ್ಯೂರ್ ತೊಟ್ಟಿ. ಅಮೆರಿಕದ ಇರ್ವಿಂಗ್ ಲ್ಯಾಂಗ್‌ಮ್ಯೂರ್ ಅದನ್ನು ಸುಧಾರಿಸಿದ್ದು ನಿಜ. ಆದರೆ ಅದರ ತವರು ಜರ್ಮನಿಯ ಬ್ರೌನ್‌ಶ್ವೈಗ್ ಊರಿನ ಒಂದು ಮನೆ.

ಆ ಮನೆಯ ಮಗಳು ಆಗ್ನೆಸ್ ಪೊಕೆಲ್ಸ್, ಹುಟ್ಟಿದ್ದು 1862ರಲ್ಲಿ. ಶಾಲೆಯಲ್ಲಿದ್ದಾಗಲೇ ಭೌತಶಾಸ್ತ್ರದ ಹುಚ್ಚು. ಆಗ ಅಲ್ಲಿನ ವಿಶ್ವವಿದ್ಯಾಲಯಗಳು ಹೆಣ್ಣುಮಕ್ಕಳನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಮುಂದೆ ಅವಕಾಶ ಬಂದಾಗ ಹೆತ್ತವರೇ ಬೇಡವೆಂದರು. ಮೂರು ವರ್ಷ ಚಿಕ್ಕವನಾದ ತಮ್ಮ ಫ್ರೀಡ್ರಿಷ್ ಭೌತಶಾಸ್ತ್ರ ಓದಲು ಗಟ್ಟಿಂಗೆನ್‌ಗೆ ಹೋದ. ಮನೆಗೆಲಸ, ಕಾಯಿಲೆ ಬಿದ್ದ ಅಪ್ಪ ಅಮ್ಮನ ಆರೈಕೆ ಅಕ್ಕನ ಪಾಲಿಗೆ. ತಮ್ಮ ಒಳ್ಳೆಯವನು, ಪುಸ್ತಕಗಳನ್ನು ಕಳಿಸಿಕೊಟ್ಟ.

ಜಿಡ್ಡಿನ ನೀರನ್ನು ಎಲ್ಲರೂ ಚೆಲ್ಲುತ್ತಾರೆ, ಆಕೆ ಅಳೆದರು. ಅದೂ ಇಪ್ಪತ್ತರ ಆಸುಪಾಸಿನಲ್ಲಿ. 70 ಸೆಂಟಿಮೀಟರ್ ಉದ್ದ, 5 ಸೆಂಟಿಮೀಟರ್ ಅಗಲದ ತಗಡಿನ ತೊಟ್ಟಿ, ಅದರ ಮೇಲೊಂದು ತಗಡಿನ ಪಟ್ಟಿ. ಪಟ್ಟಿಯನ್ನು ಆಚೆ ಸರಿಸಿದರೆ ಜಿಡ್ಡು ಹರಡಿಕೊಳ್ಳುತ್ತದೆ, ಈಚೆ ತಳ್ಳಿದರೆ ಒತ್ತೊತ್ತಾಗುತ್ತದೆ. ತಕ್ಕಡಿಗೆ ಗುಂಡಿಯಂಥ ಪುಟ್ಟ ಬಿಲ್ಲೆ ಕಟ್ಟಿ ನೀರಿಗೆ ತಾಗಿಸಿ, ಅದನ್ನು ಬಿಡಿಸಿ ಮೇಲೆತ್ತಲು ಎಷ್ಟು ತೂಕ ಬೇಕೆಂದು ನೋಡಿದರು. ಮೇಲ್ಮೈ ಎಳೆತದ ಲೆಕ್ಕ ಸಿಕ್ಕಿತು! ಜಿಡ್ಡನ್ನು ಒತ್ತುತ್ತ ಹೋದರೂ ಬಹಳ ದೂರದವರೆಗೆ ಎಳೆತ ಹೆಚ್ಚುಕಡಿಮೆ ಹಾಗೇ ಇರುತ್ತದೆ. ಒಂದು ಹಂತ ದಾಟಿದ್ದೇ ತಡ, ಸರ್ರನೆ ಇಳಿಯುತ್ತದೆ. ಜಿಡ್ಡಿನ ಅಣುಗಳು ಭುಜಕ್ಕೆ ಭುಜ ತಾಗಿಸಿ ಒಂದೇ ಪದರವಾಗಿ ನಿಲ್ಲುವ ಹಂತ ಅದು ಎಂದು 1899ರಲ್ಲಿ ವಿವರಿಸಿದವರು ಇಂಗ್ಲೆಂಡಿನ ಲಾರ್ಡ್ ರೇಲಿ.

ರೇಲಿಗೂ ಆಕೆಗೂ ಪರಿಚಯವಾದದ್ದು ಒಂದು ಕಾಗದದಿಂದ. ಅವರೂ ಇಂಥದೇ ಪ್ರಯೋಗ ನಡೆಸುತ್ತಿದ್ದಾರೆಂದು ತಿಳಿದು, ಆಕೆ 1891ರ ಜನವರಿಯಲ್ಲಿ ಧೈರ್ಯ ಮಾಡಿ ಜರ್ಮನ್ ಭಾಷೆಯಲ್ಲೇ ಬರೆದರು. ಬೇರೆಯವರಾಗಿದ್ದರೆ ಅದು ಕಸದ ಬುಟ್ಟಿ ಸೇರುತ್ತಿತ್ತೋ ಏನೋ. ಅಥವಾ ಇನ್ನೂ ಕೆಟ್ಟದ್ದು, ಅವರ ಸ್ವಂತ ಲೇಖನದೊಳಗೆ ಕರಗಿಹೋಗುತ್ತಿತ್ತು. ರೇಲಿ ಅದರ ಇಂಗ್ಲಿಷ್ ಅನುವಾದವನ್ನು 'ನೇಚರ್' ಪತ್ರಿಕೆಗೆ ಕಳಿಸಿದರು. ಮಾರ್ಚಿನಲ್ಲಿ ಆಕೆಯ ಹೆಸರಿನಲ್ಲೇ ಅಚ್ಚಾಯಿತು. ಪದವಿಯಿಲ್ಲ, ಪ್ರಯೋಗಾಲಯವಿಲ್ಲ, ವಯಸ್ಸು ಇಪ್ಪತ್ತೊಂಬತ್ತು.

1932ರಲ್ಲಿ ಲ್ಯಾಂಗ್‌ಮ್ಯೂರ್‌ಗೆ ಮೇಲ್ಮೈ ರಸಾಯನಶಾಸ್ತ್ರಕ್ಕಾಗಿ ನೊಬೆಲ್ ಬಂತು. ಅದೇ ವರ್ಷ ಬ್ರೌನ್‌ಶ್ವೈಗ್‌ನ ತಾಂತ್ರಿಕ ವಿದ್ಯಾಲಯ ಪೊಕೆಲ್ಸ್‌ಗೆ ಗೌರವ ಡಾಕ್ಟರೇಟ್ ಕೊಟ್ಟಿತು. ಮೂರು ವರ್ಷದ ನಂತರ ಆಕೆ ತೀರಿಕೊಂಡರು. ಭೌತಶಾಸ್ತ್ರದ ಪುಸ್ತಕಗಳಲ್ಲಿ 'ಪೊಕೆಲ್ಸ್ ಪರಿಣಾಮ' ಎಂದೊಂದು ಸಿಗುತ್ತದೆ. ಅದು ಬೆಳಕು, ಹರಳು, ವಿದ್ಯುತ್ತಿಗೆ ಸಂಬಂಧಿಸಿದ್ದು. ತಮ್ಮನ ಹೆಸರಿನದು.