ಕಾಯುವ ಹೊತ್ತು



ಡಿಸೆಂಬರ್ ತಿಂಗಳ ಮುಂಜಾವಿನಲ್ಲಿ ಕೃಷ್ಣರಾಜಪೇಟೆಯ ಕಡೆ ಪ್ರಯಾಣ ಮಾಡಿದವರಿಗೆ ಅಲ್ಲಿನ ಮಂಜಿನ ಪರಿಚಯವಿರುತ್ತದೆ. ಹೇಮಾವತಿಯ ನಾಲೆಗಳ ಮೇಲೂ ಕಬ್ಬಿನ ಗದ್ದೆಗಳ ಮೇಲೂ ಕವಿದ ಅದು ಹೊತ್ತೇರುವವರೆಗೆ ಕದಲುವುದಿಲ್ಲ. ಹಿಮ ಬೀಳುವ ಸೀಮೆಗಳೊಡನೆ ಹೋಲಿಸಿದರೆ ನಮ್ಮದು ಚಳಿಯೇ ಅಲ್ಲ. ಲಡಾಖಿನಲ್ಲಿ ಡೀಸೆಲ್‌ನೊಳಗಿನ ಮೇಣದ ಅಂಶ ಗಟ್ಟಿಯಾಗಿ ಎಣ್ಣೆ ಹರಿಯುವುದೇ ನಿಂತುಬಿಡುತ್ತದೆ. ಅದಕ್ಕಾಗಿಯೇ ಸೊನ್ನೆಗಿಂತ 33 ಡಿಗ್ರಿ ಕೆಳಗೂ ಹೆಪ್ಪುಗಟ್ಟದ ಚಳಿಗಾಲದ ಡೀಸೆಲನ್ನು 2019ರ ನವೆಂಬರಿನಲ್ಲಿ ಅಲ್ಲಿಗೆ ಒದಗಿಸಲಾಯಿತು. ನಮ್ಮ ಹಳ್ಳಿಗಳಲ್ಲಿ ಅಂಥ ತೊಂದರೆಯಿಲ್ಲ. ಆದರೂ ನಮ್ಮ ಈ ಸಣ್ಣ ಚಳಿಯೇ ನನಗೊಂದು ದೊಡ್ಡ ಪಾಠವನ್ನು ಕಲಿಸಿತು. ಅದನ್ನು ಈ ಆಗಮನ ಕಾಲದಲ್ಲಿ ನಿಮ್ಮ ಮುಂದೆ ನಿವೇದಿಸಿಕೊಳ್ಳುತ್ತಿದ್ದೇನೆ.

ಮೊದಲು ಡೀಸೆಲ್ ಎಂಜಿನ್ನಿನ ಸ್ವಭಾವವನ್ನು ತಿಳಿಯೋಣ. ಪೆಟ್ರೋಲ್ ಗಾಡಿಯಲ್ಲಿ ಕಿಡಿ ಹೊತ್ತಿಸಲು ಪ್ಲಗ್ ಇರುತ್ತದೆ. ರುಡಾಲ್ಫ್ ಡೀಸೆಲ್ 1897ರಲ್ಲಿ ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಯಶಸ್ವಿಯಾಗಿ ನಡೆಸಿ ತೋರಿಸಿದ ಎಂಜಿನ್ನಿಗೆ ಕಿಡಿಯೇ ಬೇಡ. ಒಳಗಿನ ಗಾಳಿಯನ್ನು ಹದಿನೈದು ಇಪ್ಪತ್ತು ಪಟ್ಟು ಅದುಮಿದಾಗ ಅದು ನೂರಾರು ಡಿಗ್ರಿ ಕಾಯುತ್ತದೆ. ಆ ಕಾವಿಗೆ ಸಿಂಪಡಿಸಿದ ಎಣ್ಣೆ ತಾನಾಗಿ ಹೊತ್ತಿಕೊಳ್ಳುತ್ತದೆ. ಆದರೆ ರಾತ್ರಿಯೆಲ್ಲ ಮಂಜಿನಲ್ಲಿ ನಿಂತ ಎಂಜಿನ್ನಿನ ಕಬ್ಬಿಣ ಆ ಕಾವನ್ನು ಹೀರಿಬಿಡುತ್ತದೆ. ಎಂಜಿನ್ ಆಯಿಲ್ ಮಂದವಾಗಿರುತ್ತದೆ, ಬ್ಯಾಟರಿಯ ಶಕ್ತಿಯೂ ಕುಗ್ಗಿರುತ್ತದೆ. ಆದ್ದರಿಂದಲೇ ಒಳಗೊಂದು ಹೀಟರ್ ಪ್ಲಗ್ ಇಟ್ಟಿರುತ್ತಾರೆ. ಅದು ಕೆಂಪಗೆ ಕಾಯುವವರೆಗೆ ಚಾಲಕನು ಸುಮ್ಮನೆ ಕಾಯಬೇಕು.

ಸುಮಾರು ಇಪ್ಪತ್ತು ವರ್ಷಗಳ ಹಿಂದೆ ನಾನು ಆ ಭಾಗದಲ್ಲಿ ಸೇವೆಯಲ್ಲಿದ್ದಾಗ ನನ್ನ ಬಳಿ ಹಳೆಯದೊಂದು ಡೀಸೆಲ್ ಜೀಪಿತ್ತು. ದಸರೆಯ ಹೊತ್ತಿಗೇ ಮೆಕ್ಯಾನಿಕ್ ಸಾಹೇಬರು ಅದನ್ನು ಪರೀಕ್ಷಿಸಿ, "ನಾಲ್ಕರಲ್ಲಿ ಎರಡು ಹೀಟರ್ ಸುಟ್ಟಿವೆ ಸ್ವಾಮಿ, ಚಳಿಗೆ ಮುಂಚೆ ಬದಲಾಯಿಸಿಬಿಡಿ" ಎಂದಿದ್ದರು. ಬಿಸಿಲಿನ ದಿನಗಳಲ್ಲಿ ಜೀಪು ಒಂದೇ ಸಲಕ್ಕೆ ಹೊರಡುತ್ತಿತ್ತು. ಹೊರಡುವ ಗಾಡಿಗೆ ರಿಪೇರಿಯೇಕೆಂದು ನಾನು ಆ ಮಾತನ್ನು ಮರೆತೆ.

ಕ್ರಿಸ್ತಜಯಂತಿಗೆ ವಾರವಿದೆಯೆನ್ನುವಾಗ, ಒಂದು ಮುಂಜಾನೆ ನಾಲ್ಕು ಗಂಟೆಗೆ ಫೋನ್ ಬಂದಿತು. ಕಿಕ್ಕೇರಿಯಾಚೆ ತೋಟದ ಮನೆಯೊಂದರಲ್ಲಿದ್ದ ಹಿರಿಯರಿಗೆ ತೀರ ಕಷ್ಟವಾಗಿದೆ, ಗುರುಗಳನ್ನು ಕೇಳುತ್ತಿದ್ದಾರೆ ಎಂದರು. ನಾನು ಪವಿತ್ರ ತೈಲವನ್ನೂ ಪರಮಪ್ರಸಾದವನ್ನೂ ತೆಗೆದುಕೊಂಡು ಜೀಪಿನತ್ತ ಧಾವಿಸಿದೆ. ಹೀಟರ್ ಗುಂಡಿಯನ್ನು ಒತ್ತಿ ಮೂವತ್ತು ಎಣಿಸಬೇಕಿತ್ತು. ನಾನು ಹತ್ತಕ್ಕೇ ಚಾವಿ ತಿರುಗಿಸಿದೆ. ಎಂಜಿನ್ ನರಳಿತು, ಬಿಳಿಯ ಹೊಗೆ ಉಗುಳಿತು, ನಿಂತಿತು. ಮತ್ತೆ ತಿರುಗಿಸಿದೆ, ಆಕ್ಸಿಲರೇಟರನ್ನು ತುಳಿದೆ. ಹಾಗೆ ಏಳೆಂಟು ಸಲವಾದ ಮೇಲೆ ಬ್ಯಾಟರಿಯೂ ಕೈಬಿಟ್ಟಿತು.

ಹತ್ತಿರದ ಆಲೆಮನೆಯಲ್ಲಿ ರಾತ್ರಿಯಿಡೀ ಬೆಲ್ಲ ಕಾಯಿಸುತ್ತಿದ್ದ ನಾಲ್ವರು ನನ್ನ ಕೂಗಿಗೆ ಓಡಿಬಂದರು. ಅವರಲ್ಲೊಬ್ಬ ವೃದ್ಧರು ಹೊಗೆಯನ್ನು ನೋಡಿ, "ನಮ್ಮೊಲೇನೂ ಹಿಂಗೇಯ ಸ್ವಾಮಿ. ಕಾವು ಕೂರೋಕ್ ಮುಂಚೆ ಹಸಿ ಸಿಪ್ಪೆ ತುರುಕಿದ್ರೆ ಬರೀ ಹೊಗೆ" ಎಂದರು. ಅವರೆಲ್ಲ ಸೇರಿ ಜೀಪನ್ನು ಇಳಿಜಾರಿನವರೆಗೂ ತಳ್ಳಿದರು. ಕೊನೆಗೆ ಅದು ಕೆಮ್ಮುತ್ತ ಎದ್ದಿತು. ಅಷ್ಟರಲ್ಲಿ ಮುಕ್ಕಾಲು ಗಂಟೆ ಕಳೆದಿತ್ತು.

ನಾನು ತಲುಪಿದಾಗ ಆ ಹಿರಿಯರು ಕಣ್ಮುಚ್ಚಿ ಅರ್ಧ ಗಂಟೆಯಾಗಿತ್ತು. ಅಭ್ಯಂಗ ಸಂಸ್ಕಾರ ಜೀವಂತರಿಗಲ್ಲದೆ ಮೃತರಿಗಿಲ್ಲ. ನಾನು ಮೃತರಿಗಾಗಿ ಸಲ್ಲಿಸುವ ಪ್ರಾರ್ಥನೆಯನ್ನು ಮಾಡಿದೆ. ಅವರ ಪತ್ನಿ ದೂರಲಿಲ್ಲ. "ಗಾಡಿ ಸದ್ದು ಕೇಳ್ತದೆ ಅಂತ ಬಾಗಿಲ ಕಡೀಕೇ ನೋಡ್ತಿದ್ರು ಸ್ವಾಮಿ" ಎಂದಷ್ಟೇ ಹೇಳಿ, ಚಳಿಯಲ್ಲಿ ಬಂದಿದ್ದೀರೆಂದು ಬಿಸಿ ಕಾಫಿ ತಂದುಕೊಟ್ಟರು. ಆ ಲೋಟವನ್ನು ಹಿಡಿದ ನನ್ನ ಕೈ ನಡುಗಿದ್ದು ಚಳಿಯಿಂದಲ್ಲ.

ಪ್ರಿಯರೇ, ಚಳಿಯನ್ನು ದೂರುವುದು ಸುಲಭ. ಆದರೆ ಚಳಿ ಆ ಹೀಟರುಗಳನ್ನು ಸುಟ್ಟಿರಲಿಲ್ಲ. ಸುಟ್ಟಿದ್ದನ್ನು ತೋರಿಸಿಕೊಟ್ಟಿತು, ಅಷ್ಟೆ. ಮತ್ತಾಯನ ಶುಭಸಂದೇಶದ 25ನೆಯ ಅಧ್ಯಾಯದಲ್ಲಿ ಬರುವ ಹತ್ತು ಕನ್ಯೆಯರ ಸಾಮತಿಯನ್ನು ನೀವು ಅನೇಕ ಬಾರಿ ಕೇಳಿದ್ದೀರಿ. ಆ ಹತ್ತು ಮಂದಿಯೂ ನಿದ್ರಿಸಿದರೆಂಬುದನ್ನು ಗಮನಿಸಿದ್ದೀರಾ? ವಿವೇಕಿಗಳು ಎಚ್ಚರವಿದ್ದುದರಿಂದ ವಿವೇಕಿಗಳಾಗಲಿಲ್ಲ. ಮಲಗುವ ಮುನ್ನವೇ ಅವರ ಬಳಿ ಎಣ್ಣೆಯಿತ್ತು. ನಡುರಾತ್ರಿಯ ಸಿದ್ಧತೆಯನ್ನು ನಡುರಾತ್ರಿಯಲ್ಲಿ ಮಾಡಲಾಗದು, ಅದನ್ನು ಹಗಲಿನಲ್ಲೇ ಮಾಡಿರಬೇಕು.

ನಮ್ಮ ಭಾಷೆ ಇದನ್ನು ಎಷ್ಟು ಚೆನ್ನಾಗಿ ಬಲ್ಲದು! ಬಿಸಿಯಾಗುವುದೂ ಕಾಯುವುದೇ, ನಿರೀಕ್ಷಿಸುವುದೂ ಕಾಯುವುದೇ, ಕಾಪಾಡುವುದೂ ಕಾಯುವುದೇ. ಹೀಟರ್ ಕಾಯುವವರೆಗೆ ನಾನು ಕಾಯಲಿಲ್ಲ. ಆದ್ದರಿಂದ ಕಾಯಬೇಕಾದವರನ್ನು ಆ ಹೊತ್ತಿನಲ್ಲಿ ಕಾಯಲಾಗಲಿಲ್ಲ.

ನಿಮ್ಮ ಮನೆಯಲ್ಲಿ ಡೀಸೆಲ್ ಗಾಡಿಯಿದ್ದರೆ ಈ ಮಾತುಗಳನ್ನು ನೆನಪಿಡಿ. ಚಳಿಗೆ ಮೊದಲೇ ಬ್ಯಾಟರಿಯನ್ನೂ ಹೀಟರುಗಳನ್ನೂ ಪರೀಕ್ಷೆ ಮಾಡಿಸಿ, ಡೀಸೆಲ್ ಫಿಲ್ಟರಿನ ನೀರನ್ನು ತೆಗೆಸಿ. ಬೆಳಿಗ್ಗೆ ಹೆಡ್‌ಲೈಟು, ಫ್ಯಾನುಗಳನ್ನು ಆರಿಸಿ ಚಾವಿಯನ್ನು ಮೊದಲ ಹಂತಕ್ಕೆ ತಿರುಗಿಸಿ, ಸುರುಳಿಯಂಥ ಹಳದಿ ದೀಪ ಆರುವವರೆಗೆ ಕಾಯಿರಿ. ಹೊಸ ಗಾಡಿಗಳಲ್ಲಿ ಅದು ಕೆಲವೇ ಕ್ಷಣ. ಕ್ಲಚ್ಚನ್ನು ಪೂರ್ತಿ ಒತ್ತಿ, ಆಕ್ಸಿಲರೇಟರನ್ನು ಮುಟ್ಟದೆ ಸ್ಟಾರ್ಟ್ ಮಾಡಿ. ಹತ್ತು ಸೆಕೆಂಡಿನೊಳಗೆ ಹೊರಡದಿದ್ದರೆ ಬಿಡಿ; ಅರ್ಧ ನಿಮಿಷವಾದರೂ ಬ್ಯಾಟರಿಗೆ ವಿಶ್ರಾಂತಿ ಕೊಟ್ಟು ಮತ್ತೆ ದೀಪಕ್ಕಾಗಿ ಕಾಯಿರಿ. ಎಂಜಿನ್ ಎದ್ದ ಮೇಲೆ ಅಬ್ಬರಿಸಬೇಡಿ. ಅರ್ಧ ನಿಮಿಷ ತನ್ನ ಪಾಡಿಗೆ ತಿರುಗಲಿ, ಆಯಿಲ್ ಎಲ್ಲ ಕಡೆಗೂ ಹರಿಯಲಿ. ಬಳಿಕ ಒಂದೆರಡು ಮೈಲಿ ನಿಧಾನವಾಗಿ ಓಡಿಸಿ.

ಇನ್ನೊಂದು ಬಿನ್ನಹ. ರೋಗಿಗಳ ಅಭ್ಯಂಗ ಕೊನೆಯುಸಿರಿನ ಸಂಸ್ಕಾರ ಮಾತ್ರವಲ್ಲ. ಕಾಯಿಲೆ ಗಂಭೀರವಾದಾಗಲೇ ಅದನ್ನು ಸ್ವೀಕರಿಸಬಹುದೆಂದು ಎರಡನೆಯ ವ್ಯಾಟಿಕನ್ ಮಹಾಸಭೆ (1962–65) ನಮಗೆ ತಿಳಿಸಿದೆ. ಆದರೂ ನಾವು ಮುಂಜಾನೆಯ ನಾಲ್ಕು ಗಂಟೆಯವರೆಗೆ ಗುರುಗಳಿಗೆ ಹೇಳಿಕಳಿಸುವುದಿಲ್ಲ. ರೋಗಿಗೆ ಮಾತನಾಡುವ ಶಕ್ತಿ ಇರುವಾಗಲೇ, ಹಗಲಿರುವಾಗಲೇ ಕರೆಯಿರಿ.

ಆ ವಾರವೇ ನಾನು ನಾಲ್ಕೂ ಹೀಟರುಗಳನ್ನು ಬದಲಾಯಿಸಿದೆ. ಅದರ ಖರ್ಚು ನಾನು ಅಂದುಕೊಂಡಿದ್ದಕ್ಕಿಂತ ಕಡಿಮೆಯೇ ಇತ್ತು. ಈಗಲೂ ಪ್ರತಿ ಮುಂಜಾನೆ ಚಾವಿ ತಿರುಗಿಸಿ ದೀಪ ಆರುವುದನ್ನು ನೋಡುತ್ತ ಕುಳಿತಾಗ, ಬಾಗಿಲ ಕಡೆಗೆ ನೋಡುತ್ತಿದ್ದ ಆ ಹಿರಿಯರಿಗಾಗಿ ಒಂದು ಪುಟ್ಟ ಪ್ರಾರ್ಥನೆ ಮಾಡುತ್ತೇನೆ. ಅಷ್ಟಕ್ಕೆ ಆ ಕೆಲವು ಕ್ಷಣಗಳು ಸಾಕಾಗುತ್ತವೆ.